ಎರಡನೆಯ ತಂಬಿಗೆ

ದೀನಮ್ಮ ಲೋಟವನ್ನು ತುಟಿಗೆ ತಾಗಿಸಿದಳೋ ಇಲ್ಲವೋ, ಮುದುಕಿ ಹಲ್ಲು ಕಚ್ಚಿ ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಟ್ಟಳು. ಉಪ್ಪು ಬೆರೆಸಿದ ನೀರು ಅವಳ ಕೆನ್ನೆಯ ಮೇಲೆ ಹರಿದು, ಕೊರಳಿನ ಲಿಂಗದ ದಾರವನ್ನು ತೋಯಿಸಿತು.

"ಒಂದ್ ಗುಟುಕು, ಯವ್ವಾ. ಮೈಯಾಗಿನ ನೀರೆಲ್ಲಾ ಬಸದು ಹೋಗ್ಯಾವ. ಕುಡೀಲಿಲ್ಲಂದ್ರ ಜೀವ ಉಳಿಯಂಗಿಲ್ಲ."

ಮುದುಕಿಯ ಕಣ್ಣುಗಳು ಗುಂಡಿಗೆ ಇಳಿದಿದ್ದವು. ದನಿ ಬತ್ತಿ ಪಿಸುಮಾತಾಗಿತ್ತು. ಆದರೂ ಅವಳು ದೀನಮ್ಮನನ್ನು ಬಹಳ ಹೊತ್ತು ದಿಟ್ಟಿಸಿ ಕೇಳಿದಳು: "ನೀ ಮೂಕಿ ಅಲ್ಲೇನು? ನಮ್ಮ ಮಸರಕಲ್ಲಿನ ಕೇರಿ ಹುಸೇನಪ್ಪನ ಮಗಳು?"

ಆ ಹೆಸರಿನಿಂದ ಯಾರಾದರೂ ಅವಳನ್ನು ಕರೆದು ಎಷ್ಟೋ ವರ್ಷಗಳಾಗಿದ್ದವು. ಪ್ಲೇಗಿನ ವರ್ಷ ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಮಿಶನ್ನಿನವರು ಅವಳನ್ನು ರಾಯಚೂರಿಗೆ ಕರೆದೊಯ್ದು, ಓದು ಕಲಿಸಿ, ದೀಕ್ಷಾಸ್ನಾನ ಕೊಟ್ಟು ದೀನಮ್ಮ ಎಂದು ಹೆಸರಿಟ್ಟಿದ್ದರು. ಅದಕ್ಕೂ ಮೊದಲು, ಊರ ಹೊರಗಿನ ಮುಟ್ಟಬಾರದವರ ಕೇರಿಯಿಂದ ಬಂದು ಇದೇ ಮುದುಕಿ ಪಾರ್ವತೆಮ್ಮನ ಮನೆಯ ಹಿಂಬಾಗಿಲಲ್ಲಿ ತಂಗಳು ರೊಟ್ಟಿಗಾಗಿ ಕಾದು ನಿಂತವಳು ಅವಳು. ಊರ ಗೌಡತಿಯ ಮುಖವನ್ನು ಅವಳು ಮರೆತಿರಲಿಲ್ಲ. ಬೆಳಿಗ್ಗೆ ಗಾಡಿಯಿಂದ ಇಳಿಸಿಕೊಂಡಾಗಲೇ ಗುರುತು ಹಿಡಿದು, ಬಾಯಿಬಿಡದೆ ಮೈ ಒರೆಸಿ ಮಲಗಿಸಿದ್ದಳು.

"ಹೌದ್ರಿ, ನಾನ."

"ಹಂಗಾದ್ರ ಒಯ್ಯಿ ಆ ನೀರು. ಸಾಯೋ ಹೊತ್ತಿನ್ಯಾಗ ನನ್ನ ಕುಲ ಕೆಡಿಸಬ್ಯಾಡ."

ಮಾನ್ವಿಯ ಆ ಮಿಶನ್ ದವಾಖಾನೆ ಎಂದರೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ, ಅದರ ಬಾಜೂಕ್ಕೆ ಒಂದು ಬಾವಿ. ವಾಂತಿಭೇದಿಯವರಿಗಾಗಿ ನಡುವೆ ತೂತು ಕೊರೆದ ಮಂಚಗಳು, ಅವುಗಳ ಕೆಳಗೆ ಸುಣ್ಣ ಹಾಕಿದ ಡಬ್ಬಿಗಳು. ಆ ಬೇಸಿಗೆಯಲ್ಲಿ ಬೇನೆ ಕೃಷ್ಣೆಯ ದಂಡೆಯಿಂದ ಎದ್ದು ದೇವದುರ್ಗ ದಾಟಿ ಮಾನ್ವಿಯವರೆಗೆ ಬಂದಿತ್ತು. ಊರಿನ ಬಾವಿಗಳೆಲ್ಲ ಕೆಟ್ಟಿದ್ದವು. ಯುದ್ಧದ ಕಾಲವಾದ್ದರಿಂದ ಸಲೈನಿನ ಬಾಟಲಿಗಳು ಸಿಗುತ್ತಿರಲಿಲ್ಲ. ಅವನ್ನು ತರಲೆಂದೇ ಡಾಕ್ಟರಮ್ಮ ಇದ್ದಿಲಿನ ಗ್ಯಾಸಿನ ಬಸ್ಸು ಹತ್ತಿ ರಾಯಚೂರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಇದ್ದ ಔಷಧವೆಂದರೆ ಕುದಿಸಿ ಆರಿಸಿದ ಉಪ್ಪುನೀರು.

ಆ ನೀರಿಗೆ ಒಂದು ಕಟ್ಟಳೆ ಇತ್ತು. ಗುಂಟೂರಿನ ಕಡೆಯವಳಾದ ಡಾಕ್ಟರಮ್ಮ ದವಾಖಾನೆ ತೆರೆದ ದಿನವೇ ಹೇಳಿಬಿಟ್ಟಿದ್ದಳು: ಈ ಕೋಣೆಯಲ್ಲಿ ಒಂದೇ ಕೊಡ, ಅದರಿಂದ ನೀರು ಕೊಡುವ ಕೈ ದೀನಮ್ಮನದು, ಎರಡನೆಯ ಕೊಡ ಒಳಗೆ ಬಂದ ದಿನ ಬೆಳಗಿನ ಪ್ರಾರ್ಥನೆಗೆ ಅರ್ಥವಿಲ್ಲ. ಮೊದಮೊದಲು ಜನ ಎದ್ದು ಹೋದರು. ಬೈದರು. ಬೇನೆ ಬಂದ ಮೇಲೆ ಒಬ್ಬೊಬ್ಬರಾಗಿ ತಿರುಗಿ ಬಂದು ಕಣ್ಣು ಮುಚ್ಚಿಕೊಂಡು ಕುಡಿದರು. ಬಳೆಗಾರರ ಹೀರಾಬಿ ಕುಡಿದಳು, ಕುರುಬರ ವೆಂಕಮ್ಮ ಕುಡಿದಳು. ತನ್ನ ಕೈಯಿಂದ ಎಲ್ಲರೂ ನೀರು ಕುಡಿಯುವ ಜಾಗ ಈ ಭೂಮಿಯ ಮೇಲೆ ದೀನಮ್ಮನಿಗೆ ಅದೊಂದೇ ಆಗಿತ್ತು.

ಹೊರಗೆ ಬೇವಿನ ಮರದ ಕೆಳಗೆ ಪಾರ್ವತೆಮ್ಮನ ಮಗ ಅಯ್ಯಣ್ಣಗೌಡ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ದೀನಮ್ಮ ಬಂದು ಸಂಗತಿ ತಿಳಿಸಿದಾಗ ಎದ್ದು ನಿಂತ.

"ಈ ಊರ ಮಠದ ಬಾವೀಲಿಂದ ನಾನ ತರ್ತೀನಿ. ಅದನ್ನ ಕುಡೀತಾಳ."

"ಆ ಓಣ್ಯಾಗ ಹೆಣದ ಮ್ಯಾಲ ಹೆಣ ಏಳಾಕತ್ಯಾವ್ರಿ ಗೌಡ್ರ. ಆ ನೀರು ಕುಡಿಸಿದ್ರ ನೀವ ಕೈಯಾರೆ ಕೊಂದಂಗ."

"ಮತ್ತ ನಾ ಏನ್ ಮಾಡ್ಲಿ?" ಎಂದ ಗೌಡ. "ಅಪ್ಪ ಸತ್ತ ಮ್ಯಾಲ ನಂಗ ಆಕಿ ಬಿಟ್ರ ಯಾರೂ ಇಲ್ಲ. ಏನರ ಮಾಡು, ಮೂಕವ್ವ. ನಿನ್ನ ಕಾಲಿಗೆ ಬೀಳ್ತೀನಿ."

ದೀನಮ್ಮ ಕಿಟಕಿಯಿಂದ ಒಳಗೆ ನೋಡಿದಳು. ಮುದುಕಿಯ ಕಾಲುಗಳು ಸೆಳೆತಕ್ಕೆ ಸೊಟ್ಟಗಾಗುತ್ತಿದ್ದವು. ಒಣಗಿದ ನಾಲಿಗೆ ಹೊರಗೆ ಬಂದು ತುಟಿಯನ್ನು ನೆಕ್ಕಿ ಒಳಗೆ ಹೋಯಿತು. ಸಾಯಲಿ, ಎಂಬ ಮಾತು ದೀನಮ್ಮನ ಎದೆಯೊಳಗೆ ಎಲ್ಲಿಂದಲೋ ಎದ್ದು ಬಂತು. ತಣ್ಣಗೆ, ಸಿಟ್ಟೂ ಇಲ್ಲದೆ ಬಂತು. ದಿನಾ ಬೆಳಿಗ್ಗೆ ಮೊಣಕಾಲೂರಿ ಶತ್ರುವಿಗಾಗಿಯೂ ಬೇಡಿಕೊಳ್ಳುತ್ತಿದ್ದ ತನ್ನೊಳಗೆ ಇದು ಎಲ್ಲಿ ಕೂತಿತ್ತೋ ಅವಳಿಗೆ ತಿಳಿಯಲಿಲ್ಲ. ಅವಳು ಹೆದರಿದಳು. ಆ ಹೆದರಿಕೆಯಲ್ಲೇ ಗೌಡನ ಕಡೆ ತಿರುಗಿ, ದನಿ ತಗ್ಗಿಸಿ, ಗಡಿಬಿಡಿಯಿಂದ ಹೇಳಿದಳು:

"ಗಾಡ್ಯಾಗ ತಂಬಿಗಿ ಅದೇನ್ರಿ? ಇದೇ ಬಾವ್ಯಾಗ ನೀವ ಸೇದ್ರಿ. ಅಲ್ಲಿ ಕಲ್ಲು ಹೂಡಿ ನೀವ ಬೆಂಕಿ ಹಚ್ರಿ, ಕುದಿಸ್ರಿ. ಉಪ್ಪು ನಿಮ್ಮ ಕೈಲೆ ಹಾಕ್ರಿ, ಎಷ್ಟಂತ ನಾ ಹೇಳ್ತೀನಿ. ಮಠದ ನೀರಂತ ಹೇಳಿ ಕುಡಸ್ರಿ."

ಗೌಡ ಹಾಗೆಯೇ ಮಾಡಿದ. ತಾಮ್ರದ ತಂಬಿಗೆಯನ್ನು ಸೆಣಬಿನ ಚೀಲದಲ್ಲಿ ಹಿಡಿದುಕೊಂಡು ಒಳಗೆ ಬಂದು ತಾಯಿಯ ತಲೆ ಎತ್ತಿ ಹಿಡಿದ.

"ಎಲ್ಲೀದು?" ಎಂದಳು ಪಾರ್ವತೆಮ್ಮ.

"ಮಠದ್ದು ಬೇ. ನಾನ ತಂದೀನಿ."

ಅವಳು ಕುಡಿದಳು. ಕಕ್ಕಿದಳು, ಮತ್ತೆ ಕುಡಿದಳು. ಮಧ್ಯಾಹ್ನದ ಹೊತ್ತಿಗೆ ಅವಳ ಮಣಿಕಟ್ಟಿನಲ್ಲಿ ನಾಡಿ ಬೆರಳಿಗೆ ಹತ್ತಿತು. ದೀನಮ್ಮ ಆ ನಾಡಿಯನ್ನು ಹಿಡಿದುಕೊಂಡೇ ಮನಸ್ಸಿನಲ್ಲಿ ಕ್ಷಮೆ ಕೇಳಿದಳು. ಸುಳ್ಳಿಗಾಗಿಯೋ, ಮೊದಲು ಎದ್ದ ಆ ಮಾತಿಗಾಗಿಯೋ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ.

ಆಮೇಲೆ ಅವಳು ಎಂದಿನಂತೆ ಲೋಟ ತುಂಬಿಕೊಂಡು ಪಕ್ಕದ ಮಂಚಕ್ಕೆ ಹೋದಳು. ಅಲ್ಲಿ ವೆಂಕಮ್ಮ ಇದ್ದಳು, ಕವಿತಾಳದ ಹತ್ತಿರದ ಹಟ್ಟಿಯವಳು, ಸಣ್ಣ ವಯಸ್ಸಿನ ಹೆಂಗಸು. ಗಂಡ ಕುರಿ ಹೊಡೆದುಕೊಂಡು ದೂರ ಹೋಗಿದ್ದಾಗ ಬೇನೆ ತಗುಲಿ, ಹಟ್ಟಿಯವರು ತಂದು ಬಾಗಿಲಲ್ಲಿ ಮಲಗಿಸಿ ಹೋಗಿದ್ದರು. ಬಂದಾಗಿನಿಂದ ದೀನಮ್ಮನ ಕೈಯಿಂದಲೇ ಕುಡಿಯುತ್ತಿದ್ದಳು. ಈಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಯಾಕವ್ವಾ?"

"ನಂಗೂ ಆ ತಂಬಿಗಿ ನೀರ ಬೇಕು. ಗೌಡ್ತಿ ಕುಡದ್ಲಲ್ಲ, ಅವು."

"ನಿನ್ನೀಲಿಂದ ಇದ ನೀರ ಕುಡದಿ. ಇವತ್ತೇನಾತು?"

"ನಿನ್ನೆ ಬ್ಯಾರೆ ನೀರ ಇದ್ದಿದ್ದಿಲ್ಲ, ಕುಡದೆ. ದೇವರೂ ಏನೂ ಅಂತಿದ್ದಿಲ್ಲ. ಈಗ ಅದಾವಲ್ಲ. ಇದ್ದೂ ನಾ ಯಾಕ ಕೆಡ್ಲಿ? ಗೌಡ್ತಿ ಬಾಯಿ ಮಾಡಿ ಬ್ಯಾರೆ ತರಿಸಿಕೊಂಡ್ಲು, ನೀ ಸುಮ್ಮನ ಕುಡದೇನಂತ ನನ್ನ ಗಂಡ ಕೇಳಿದ್ರ ಏನ್ ಹೇಳ್ಲಿ? ಹಟ್ಟಿ ಒಳಗ ಕರ್ಕೊಂತಾನೇನು?"

ದೀನಮ್ಮ ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳು: "ಕೇಳಿಲ್ಲಿ, ವೆಂಕಮ್ಮ. ಅವೂ ಇದ ಬಾವಿ ನೀರು. ಮಠದವಲ್ಲ. ದೇವರಾಣಿ ಹೇಳ್ತೀನಿ."

ವೆಂಕಮ್ಮ ಸುಸ್ತಿನಲ್ಲೂ ನಕ್ಕಳು. "ಸುಳ್ಳ ಹೇಳ್ತಿ. ಗೌಡ್ತಿ ನಿಮ್ಮ ಬಾವಿ ನೀರ ಕುಡೀತಾಳೇನು?"

ದೀನಮ್ಮ ಅಯ್ಯಣ್ಣಗೌಡನನ್ನು ಕರೆದು, ಆ ತಂಬಿಗೆಯಿಂದ ವೆಂಕಮ್ಮನಿಗೂ ಒಂದಿಷ್ಟು ಹಾಕಿರೆಂದು ಬೇಡಿದಳು. ಅವನು ಒಂದು ಹೆಜ್ಜೆ ಮುಂದಿಟ್ಟ. ಹಾಸಿಗೆಯಿಂದ ತಾಯಿಯ ದನಿ ಬಂತು, ನೀರು ಕುಡಿದ ಮೇಲೆ ಸ್ವಲ್ಪ ಗಟ್ಟಿಯಾಗಿದ್ದ ದನಿ.

"ಅಯ್ಯಣ್ಣ. ನನ್ನ ತಂಬಿಗಿ ಕುರುಬರಾಕಿಗೆ ಮುಟ್ಟಸ್ತಿಯೇನು?"

ಅವನು ಅಲ್ಲೇ ನಿಂತ. ಬೇರೆ ಪಾತ್ರೆ ಹುಡುಕುವೆನೆಂದು ಗಾಡಿಯ ಕಡೆ ಹೋದವನು ತಿರುಗಿ ಒಳಗೆ ಬರಲೇ ಇಲ್ಲ. ಗಾಡಿಯ ನೆರಳಿನಲ್ಲಿ ಮೊಣಕಾಲಿಗೆ ತಲೆ ಕೊಟ್ಟು ಕೂತುಬಿಟ್ಟಿದ್ದ.

ದೀನಮ್ಮ ಬಿಸಿಲಿನಲ್ಲಿ ಊರೊಳಗೆ ಓಡಿದಳು. ಕುರುಬರ ಓಣಿಯಲ್ಲಿ ಒಬ್ಬ ಹೆಂಗಸಾದರೂ ಬಂದು ದವಾಖಾನೆಯ ಬಾವಿಯಿಂದ ಒಂದು ಕೊಡ ಸೇದಿ ಕೊಟ್ಟರೆ ಸಾಕಾಗಿತ್ತು. ಬಾಗಿಲುಗಳಿಗೆ ಬೇವಿನ ಸೊಪ್ಪು ಕಟ್ಟಿ ಬೀಗ ಹಾಕಿ ಜನ ಹೊಲದ ಗುಡಿಸಲು ಸೇರಿದ್ದರು. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕ ಅವಳ ಬಿಳಿ ಸೀರೆ ಕಂಡೊಡನೆ ದೂರದಿಂದಲೇ ಕೈಬೀಸಿ, "ಬರಬ್ಯಾಡ, ಅಲ್ಲೇ ನಿಲ್ಲು, ದವಾಖಾನಿಯಾಕಿ" ಎಂದು ಕೂಗಿದ. ಅವಳು ಕೈಮುಗಿದು ಕೇಳಿದ್ದು ಅವನಿಗೆ ಕೇಳಿಸಿತೋ ಇಲ್ಲವೋ, ಎದ್ದು ಒಳಗೆ ಹೋಗಿ ಕದ ಮುಚ್ಚಿಕೊಂಡ.

ತಿರುಗಿ ಬರುವಷ್ಟರಲ್ಲಿ ವೆಂಕಮ್ಮನ ದನಿ ಅಡಗಿತ್ತು. ಬೆರಳುಗಳು ನೀರಿನಲ್ಲಿ ನೆನೆದಂತೆ ಸುಕ್ಕುಗಟ್ಟಿದ್ದವು. ದೀನಮ್ಮ ಅರಿವೆ ತೋಯಿಸಿ ತುಟಿಗೆ ಹಚ್ಚಿದಳು. ಮೂಗು ಹಿಡಿದು ಚಮಚೆಯಿಂದ ಹಾಕಲು ನೋಡಿದಳು. ಬೈದಳು, ಅತ್ತಳು. ಕಚ್ಚಿದ ಹಲ್ಲಿನ ಸಂದಿಯಿಂದ ನೀರೆಲ್ಲ ಹೊರಗೇ ಹರಿಯಿತು. ಆಚೆ ಮಂಚದಿಂದ ಹೀರಾಬಿ ಎದ್ದು ಗೋಡೆ ಹಿಡಿದು ಬಂದು ವೆಂಕಮ್ಮನ ಕಾಲು ತಿಕ್ಕಲು ಕೂತಳು. ಹೊತ್ತು ಮುಳುಗುವ ಮುಂಚೆ ಆ ಕಾಲುಗಳ ಸೆಳೆತ ನಿಂತಿತು. ಹೀರಾಬಿ ಇನ್ನೂ ಸ್ವಲ್ಪ ಹೊತ್ತು ತಿಕ್ಕಿ, ಆಮೇಲೆ ಕೈ ತೆಗೆದು, "ನಕ್ಕೊ ರೋ, ಬೇಟಿ, ಅಳಬ್ಯಾಡ," ಎಂದಳು. "ತೂ ಪಾನಿ ಕೊಟ್ಟಿ. ಆಕಿ ಒಲ್ಲೆ ಅಂದ್ಲು." ದೀನಮ್ಮ ಈಗ ಅಳುತ್ತಿರಲಿಲ್ಲ. ಅವಳು ಕಿಟಕಿಯ ಕಟ್ಟೆಯ ಮೇಲಿದ್ದ ತಾಮ್ರದ ತಂಬಿಗೆಯನ್ನು ನೋಡುತ್ತಿದ್ದಳು.

ಡಾಕ್ಟರಮ್ಮ ಮರುದಿನ ಬಂದಳು. ಸಲೈನಿನ ಪೆಟ್ಟಿಗೆಯನ್ನು ಎತ್ತಿನ ಗಾಡಿಯಿಂದ ಇಳಿಸುತ್ತಿರುವಾಗಲೇ ದೀನಮ್ಮ ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಲಿಲ್ಲ. ಡಾಕ್ಟರಮ್ಮ ದಾರಿಯ ಧೂಳು ಮೆತ್ತಿದ ಮುಖದಲ್ಲೇ ಮೆಟ್ಟಿಲ ಮೇಲೆ ಕೂತಳು.

"ತಪ್ಪಂತ ಹೇಳ್ರಿ ಅಮ್ಮ. ಇಲ್ಲಾ, ಸರಿ ಅಂತರ ಹೇಳ್ರಿ."

"ನಾನು ಇದ್ದಿದ್ದರೆ ಕಟ್ಟಳೆ ಬಿಡ್ತಿರಲಿಲ್ಲ ದೀನಮ್ಮ," ಎಂದಳು ಡಾಕ್ಟರಮ್ಮ. "ಆಗ ಗೌಡತಿಯನ್ನ ಹೂಳ್ತಿದ್ವಿ." ಎದ್ದು ಕೈ ತೊಳೆದುಕೊಂಡು ಒಳಗೆ ಹೋಗಿ, ಎಲ್ಲರಿಗಿಂತ ನಿತ್ರಾಣಳಾಗಿದ್ದ ಪಾರ್ವತೆಮ್ಮನ ನರಕ್ಕೆ ಮೊದಲ ಸೂಜಿ ಚುಚ್ಚಿದಳು.

ವೆಂಕಮ್ಮನನ್ನು ಕಂಪೌಂಡಿನ ಹಿಂದೆ ಸುಣ್ಣ ಹಾಕಿ ಹೂಳಿದ್ದರು. ಪಾರ್ವತೆಮ್ಮ ಚೇತರಿಸಿಕೊಂಡಳು. ಗಾಡಿ ಹೂಡಿದ ದಿನ ದೀನಮ್ಮ ಅವಳಿಗೆ ಸೀರೆ ಉಡಿಸಿ, ತಲೆ ಬಾಚುತ್ತಿದ್ದಳು. ಮೈ ಮುಟ್ಟಿದ್ದಕ್ಕೆ ಮುದುಕಿ ಏನೂ ಅನ್ನುತ್ತಿರಲಿಲ್ಲ. ಹೊರಗೆ ಯಾರೋ ನೀರು ಸೇದುತ್ತಿದ್ದರು, ಬಾವಿಯ ರಾಟೆ ಕಿರುಗುಟ್ಟುತ್ತಿತ್ತು.

"ಗಡಗಡಿಗೆ ಎಣ್ಣಿ ಬಿಡಸ್ರಿ," ಎಂದಳು ಪಾರ್ವತೆಮ್ಮ. "ಕಿಟಕಿ ಬಾಜೂಕ ಹೊಯ್ಕೊಂತದ. ಅವತ್ತ ನನ್ನ ಮಗ ಸೇದೋ ಮುಂದನೂ ಹಂಗ ಹೊಯ್ಕೊಂತು."

ದೀನಮ್ಮನ ಕೈಯಲ್ಲಿ ಬಾಚಣಿಗೆ ನಿಂತಿತು. "ಹಂಗಾದ್ರ ನಿಮಗ ಗೊತ್ತಿತ್ತೇನ್ರಿ?"

"ನಂಗ ಗೊತ್ತಿದ್ರ ಏನಾತು? ಮಂದಿಗೆ ಗೊತ್ತಾಗಬಾರದಲ್ಲ."

"ಆಕಿಗೆ ಒಂದು ಮಾತು ಅಂದಿದ್ರ ಸಾಕಿತ್ತಲ್ರಿ, ಯವ್ವಾ. ನಾ ಕುಡದಿದ್ದೂ ಇದ ಬಾವಿ ನೀರ, ಕುಡೀಬೇ ಅಂತ. ನಿಮ್ಮ ಮಾತ ನಂಬತಿದ್ಲು."

ಪಾರ್ವತೆಮ್ಮ ಖಾಲಿ ಮಂಚದ ಕಡೆ ಒಮ್ಮೆ ನೋಡಿದಳು. ಆಮೇಲೆ, "ಅಯ್ಯಣ್ಣ, ನನ್ನ ಎತ್ತೋ. ಬಿಸಿಲೇರೋದ್ರಾಗ ಹೊಳಿ ಕಡಿ ದಾರಿ ಹಿಡೀಬೇಕು," ಎಂದು ಮಗನನ್ನು ಕೂಗಿದಳು.

ಗಾಡಿ ಹೋಗಿ ಸ್ವಲ್ಪ ಹೊತ್ತಿಗೆ ಕಂಬಳಿ ಹೊದ್ದ ಒಬ್ಬ ಗಂಡಸು ಬಾಗಿಲಿಗೆ ಬಂದು ನಿಂತ. ಪಾದದಿಂದ ಮೊಣಕಾಲಿನವರೆಗೆ ಧೂಳು. ತುಟಿಗಳು ಒಡೆದಿದ್ದವು. ವೆಂಕಮ್ಮನ ಗಂಡ ಉರುಕುಂದಪ್ಪ ಎಂದು ಹೇಳಿಕೊಂಡ. ಕುರಿ ಹೊಳೆಯ ದಂಡೆಗೆ ಹೊಡೆದುಕೊಂಡು ಹೋಗಿದ್ದನಂತೆ, ಸುದ್ದಿ ಮುಟ್ಟಲು ತಡವಾಯಿತಂತೆ. ದೀನಮ್ಮ ಅವನನ್ನು ಕಂಪೌಂಡಿನ ಹಿಂದೆ ಕರೆದೊಯ್ದು ತೋರಿಸಿದಳು. ಅವನು ಅಳಲಿಲ್ಲ. ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಂದು ಹೆಂಟೆಯನ್ನು ಎತ್ತಿ ಕೈಯಲ್ಲಿ ಪುಡಿಮಾಡುತ್ತ ಕೇಳಿದ:

"ಕಡೀಕ ಬಾಯಾಗ ಒಂದ್ ಹನಿ ನೀರರ ಬಿದ್ವೇನವ್ವಾ?"

ಬಿದ್ದವು ಎನ್ನುವುದು ಸುಲಭವಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಆದರೆ ದೀನಮ್ಮನಿಂದ ಮತ್ತೊಂದು ಸುಳ್ಳು ಆಡಲಾಗಲಿಲ್ಲ.

"ಇಲ್ಲ, ಯಪ್ಪಾ. ನಾ ಕೊಟ್ಟೆ. ನಾ ಕೇರ್ಯಾಗ ಹುಟ್ಟಿದಾಕಿ. ಗಂಡ ಏನಂತಾನೋ, ಹಟ್ಟಿ ಒಳಗ ಕರ್ಕೊಂತಾನೋ ಇಲ್ಲೋ ಅಂತ ಆಕಿ ಬಾಯಿ ತೆರೀಲಿಲ್ಲ."

ಅವನು ತಲೆ ಎತ್ತಿ ಅವಳನ್ನು ನೋಡಿದ, ಏನೋ ತಿಳಿಯದವನಂತೆ. "ನಾನಾ?" ಎಂದ. ಆಮೇಲೆ ಮಣ್ಣಿನ ಗುಡ್ಡೆಗೇ ಹೇಳುವವನಂತೆ, "ನಾ ಏನಂತಿದ್ನೇ, ಹುಚ್ಚಿ," ಎಂದ.

ಬಿಸಿಲು ನೆತ್ತಿಗೆ ಬಂದಿತ್ತು. ಅವನು ಎದ್ದು ಅವಳ ಮುಂದೆ ಬಂದು ನಿಂತು, "ನೀರ ಕೊಡು," ಎಂದ.

ದೀನಮ್ಮ ಒಳಗಿನಿಂದ ಕೊಡವನ್ನೇ ಹೊತ್ತು ತಂದಳು. ಲೋಟ ಚಾಚಿದಳು. ಅವನು ಅದನ್ನು ತೆಗೆದುಕೊಳ್ಳಲಿಲ್ಲ. ಬಗ್ಗಿ ಎರಡೂ ಕೈ ಕೂಡಿಸಿ ಬೊಗಸೆ ಬಾಯಿಗಿಟ್ಟ. ಅವಳು ಕೊಡ ಬಾಗಿಸಿದಳು. ಅವನು ಕುಡಿದ. ನೀರು ಬೆರಳ ಸಂದಿಯಿಂದ ಸೋರಿ ಮೊಣಕೈಗಳಿಂದ ಇಳಿದು ಸುಣ್ಣ ಬೆರೆತ ಮಣ್ಣಿನಲ್ಲಿ ಇಂಗುತ್ತಿತ್ತು. ಅವನು ಸಾಕೆನ್ನಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಅವಳು ಹೊಯ್ಯುತ್ತಲೇ ಇದ್ದಳು.