ಅವರು ಒಂದು ಅಂದರೆ, ಇವರು ಹಲವು

ಯಾರ್ರೋ ಅದು, ತಾತನ ನೆನಪಿಗೆ ತುಕ್ಕು ಹಿಡಿದಿದೆ ಅಂತ ಗ್ರೂಪಲ್ಲಿ ಹಾಕಿದ್ದು? ನಿಮಗೆ ನಿನ್ನೆ ಏನು ತಿಂದ್ರಿ ಅನ್ನೋದೇ ನೆನಪಿರಲ್ಲ, ನನಗೆ ಹೇಳೋಕೆ ಬರ್ತೀರಾ? ಬಾಯಿ ಮುಚ್ಕೊಂಡು ಕೇಳಿ. ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಟೇಪು ತಿರುಗಿಸಿದೋನು ನಾನು. ಕೇಳಿದ್ದನ್ನ ಮರೆಯೋ ಕಿವಿಯಲ್ಲ ಇದು.

ಆಗ ಇಂಗ್ಲಿಷ್ ಕಲಿಯೋರಿಗೆ ಕ್ಯಾಸೆಟ್ ಮಾಡ್ತಿದ್ವಿ. ಆ ವಾರದ ಪಾಠ, ಲ್ಯಾಟಿನ್ನಿಂದ ಬಂದ ಪದಗಳ ಏಕವಚನ, ಬಹುವಚನ. ಮಿಕ್ಕ ಪದಗಳಾದ್ರೆ ಬಾಲಕ್ಕೊಂದು 'ಎಸ್' ಸಿಕ್ಕಿಸಿದ್ರೆ ಮುಗೀತು. ಇವು ಹಾಗಲ್ಲಪ್ಪ, ಒಂದು ಹೋಗಿ ಹಲವಾಗೋವಾಗ ರಾಗಾನೇ ಬದಲಾಯಿಸ್ತವೆ. ಓದೋಕೆ ಒಬ್ಬ ಮೇಷ್ಟ್ರು, ಅವರ ಹೆಂಡತಿ ಟೀಚರಮ್ಮ. ಟೀಚರಮ್ಮ ಒಂದು ಹೇಳಬೇಕು, ಮೇಷ್ಟ್ರು ಹಲವು.

ಇಬ್ಬರೂ ಮಾತು ಬಿಟ್ಟು ತಿಂಗಳುಗಳೇ ಆಗಿತ್ತು. ಟೀಚರಮ್ಮನಿಗೆ ತಾಯಿ ಕೊಟ್ಟಿದ್ದ ಹೊಲಿಗೆ ಮಿಷನ್ನನ್ನ ಮೇಷ್ಟ್ರು ಹೇಳದೆ ಕೇಳದೆ ಮಾರಿಬಿಟ್ಟಿದ್ರು. ರೆಕಾರ್ಡಿಂಗಿನ ಕೊನೇ ದಿನ ಟೀಚರಮ್ಮ ಬಟ್ಟೆ ಪೆಟ್ಟಿಗೆ ಹಿಡ್ಕೊಂಡೇ ಬಂದ್ರು. "ಇದು ಮುಗಿದ ತಕ್ಷಣ ಅಕ್ಕನ ಮನೆಗೆ. ವಾಪಸ್ ಬರಲ್ಲ," ಅಂತ ನನಗೆ ಹೇಳಿದ್ರು, ಗಂಡನಿಗೆ ಕೇಳಿಸೋ ಹಾಗೆ.

ಬಾಗಿಲು ಹಾಕಿದ್ರೆ ಆ ಕೋಣೆ ನೀರಿನೊಳಗೆ ಇದ್ದ ಹಾಗೆ. ಗೋಡೆಗೆಲ್ಲ ದಪ್ಪ ಬಟ್ಟೆ, ತಲೆ ಮೇಲೊಂದು ಕೆಂಪು ದೀಪ. ಟೀಚರಮ್ಮ "ನೆಬ್ಯುಲಾ" ಅಂತ ತೇಲಿಬಿಡೋರು. ಅದು ಕೆಳಗೆ ಬೀಳೋಕೆ ಮುಂಚೆ ಮೇಷ್ಟ್ರು "ನೆಬ್ಯುಲೀ" ಅನ್ನೋರು. "ಲಾರ್ವಾ." "ಲಾರ್ವೀ." "ಫಂಗಸ್." "ಫಂಗೈ." ಆಕಾಶದ ದೂಳುಮೋಡ, ಹುಳ, ಬೂಷ್ಟು, ಎಲ್ಲ ಆ ಕೆಂಪು ಬೆಳಕಲ್ಲಿ ಒಂದಾಗಿ ಹುಟ್ಟಿ, ಹಲವಾಗಿ, ನನ್ನ ಹೆಡ್‌ಫೋನಲ್ಲಿ ಈಜಾಡೋವು. ಮನೇಲಿ ಮುಖ ತಿರುಗಿಸೋ ಗಂಡ ಹೆಂಡತಿ; ಇಲ್ಲಿ ಒಬ್ಬರ ಉಸಿರು ಮುಗಿಯೋ ಕಡೆ ಇನ್ನೊಬ್ಬರ ಉಸಿರು. ನಾನು ಗಾಜಿನ ಈಚೆ ಕಣ್ಣು ಬಿಟ್ಕೊಂಡೇ ಕನಸು ಕಾಣ್ತಿದ್ದೆ.

ಪಾಠ ಮುಗೀತು. ಟೇಪು ನಿಲ್ಲಿಸೋಕೆ ನನಗೆ ಕೈಯೇ ಬರಲಿಲ್ಲ. ಟೀಚರಮ್ಮ ಚೀಲದಲ್ಲಿ ತಡಕಾಡ್ತಾ, ತಮ್ಮಷ್ಟಕ್ಕೇ, "ಕನ್ನಡಕ..." ಅಂದ್ರು.

"ನಿನ್ನ ತಲೆ ಮೇಲೇ ಇದೆ ಕಣೇ."

ರೂಢಿ ನೋಡಿ! ಅವರು ಒಂದು ಪದ ಅಂದ್ರೆ ಸಾಕು, ಇವರ ಬಾಯಿ ತಾನಾಗೇ ಉತ್ತರ ಕೊಡ್ತು. ಮೇಷ್ಟ್ರು ಬೆಚ್ಚಿಬಿದ್ರು. ಟೀಚರಮ್ಮ ಕನ್ನಡಕ ಮೂಗಿಗೆ ಇಳಿಸ್ಕೊಂಡು ಅವರನ್ನೇ ನೋಡಿದ್ರು. ಆಮೇಲೆ, ಪಾಠದ ದನೀಲೇ, ನಿಧಾನಕ್ಕೆ:

"ಹೊಲಿಗೆ ಮಿಷನ್."

ಟೇಪು ತಿರುಗ್ತಾನೇ ಇತ್ತು.

"ತಪ್ಪಾಯ್ತು," ಅಂದ್ರು ಮೇಷ್ಟ್ರು.

ಟೀಚರಮ್ಮ ಗಾಜಿನ ಕಡೆ ತಿರುಗಿದ್ರು. "ಏನ್ರೀ ಟೇಪಿನೋರೇ, ಸರಿಯಾಗಿ ಬಂತಾ? ಇನ್ನೊಂದ್ಸಲ ಹೇಳಿಸಿ."

"ತಪ್ಪಾಯ್ತು ಅಂದ್ನಲ್ಲೇ!"

"ಜೋರು ಬೇಡ. ಮೊದಲಿನ ಹಾಗೇ, ಮೆತ್ತಗೆ."

ಹೇಳಿದ್ರು, ಮೆತ್ತಗೇ.

ಹೊರಡುವಾಗ ಪೆಟ್ಟಿಗೆ ಮೇಷ್ಟ್ರ ಕೈಲಿತ್ತು. "ಅಕ್ಕನ ಮನೆಗಾ?" ಅಂದೆ.

"ನಮ್ಮನೆಗೇ ರೀ," ಅಂದ್ರು ಟೀಚರಮ್ಮ. "ದಾರೀಲಿ ಮಿಷನ್ ಅಂಗಡಿ ಹೊಕ್ಕೊಂಡು."

ಈ ವಾಯ್ಸ್ ಮೆಸೇಜನ್ನ ಕೇಳಿ ಫೋನಲ್ಲೇ ಕೊಳೆಯೋಕೆ ಬಿಡಬೇಡಿ. ನಿಮ್ಮಲ್ಲಿ ಯಾರು ಯಾರ ಮೇಲೆ ಮುಖ ಊದಿಸ್ಕೊಂಡು ಕೂತಿದ್ದೀರ ಅಂತ ನನಗೆ ಗೊತ್ತು. ಮೊದಲು ಅವರಿಗೇ ಕಳಿಸಿ.