ಸೊನ್ನೆಯಿಂದ ಹತ್ತರೊಳಗೆ

ನನಗೆ ಜಂಬ ಜಾಸ್ತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತೊಡೆಸಂದಿನ ಹರ್ನಿಯಾಕ್ಕೆ ಸಣ್ಣ ತೂತು ಕೊರೆದು ಮಾಡುವ ಆಪರೇಷನ್‌ನಲ್ಲಿ ಎರಡು ದಾರಿ: ಹೊಟ್ಟೆಯೊಳಕ್ಕೇ ಇಳಿದು ಸಡಿಲಾದ ಜಾಗಕ್ಕೆ ಆಸರೆಯಾಗಿ ಬಲೆ ಕೂರಿಸುವುದು, ಇಲ್ಲವೇ ಒಳಗೆ ಹೋಗದೆ ಹೊಟ್ಟೆಗೋಡೆಯ ಪದರಗಳ ನಡುವೆಯೇ ನುಸುಳಿ ಕೂರಿಸುವುದು. ಯಾವುದರಲ್ಲಿ ನೋವು ಕಡಿಮೆ ಎಂದು ತಿಳಿಯಲು ನೂರಿಪ್ಪತ್ತು ರೋಗಿಗಳನ್ನು ಹೋಲಿಸಿದೆ. ಯಾರಿಗೆ ಯಾವ ದಾರಿ ಎಂಬುದು ಮುಚ್ಚಿದ ಲಕೋಟೆಯಲ್ಲಿರುತ್ತಿತ್ತು. ಆಮೇಲೆ ಒಂದು ವರ್ಷ, ತಿಂಗಳಿಗೊಮ್ಮೆ ಫೋನು: ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು? ನರ್ಸನ್ನು ನಂಬದೆ ನಾನೇ ಕೇಳುತ್ತಿದ್ದೆ. ಹಾಳಾದ ಬುದ್ಧಿ.

ನೂರಾ ಏಳನೆಯವನು ನನ್ನ ತಮ್ಮ. ಬೀರು, ಫ್ರಿಜ್ಜು, ಒಮ್ಮೆ ಪಿಯಾನೊ ಕೂಡ ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸಿದವನು. ಅವನ ಲಕೋಟೆಯಲ್ಲಿ ಮೊದಲನೇ ದಾರಿ ಬಂತು. ಬಲೆ ಜಾರದಿರಲೆಂದು ನಾಲ್ಕು ಪಿನ್ನು ಹೊಡೆದೆ. ಹನ್ನೆರಡು ತಿಂಗಳೂ ಅವನದು ಒಂದೇ ಉತ್ತರ: "ಸೊನ್ನೆ ಅಣ್ಣ, ಆರಾಮಾಗಿದೀನಿ." ಒಂದು ಸಲವೂ ನಾನು ಅವನ ಮನೆಗೆ ಹೋಗಲಿಲ್ಲ.

ಎರಡೂ ದಾರಿ ಸರಿಸಮ ಎಂದು ವೈದ್ಯಕೀಯ ಪತ್ರಿಕೆಗೆ ಬರೆದು ಕಳಿಸಿದೆ. ಮರುವಾರ ಹೊರರೋಗಿಗಳ ಸಾಲಿನಲ್ಲಿ ತಮ್ಮನ ಹೆಂಡತಿ ನಿಂತಿದ್ದಳು.

"ಭಾವ, ಅವರು ಕೆಲಸ ಬಿಟ್ಟು ಎಂಟು ತಿಂಗಳಾಯ್ತು. ಚಪ್ಪಲಿ ಹಾಕೋಕೂ ನಾನೇ ಬಗ್ಗಬೇಕು. ನಿಮ್ಮ ಫೋನ್ ಬಂದಾಗ ಮಾತ್ರ ಹಲ್ಲು ಕಚ್ಚಿ ನಗ್ತಾರೆ."

ಅವನನ್ನು ಕರೆಸಿದೆ. ಬಾಗಿಲಿನಿಂದ ಮಂಚದವರೆಗಿನ ನಾಲ್ಕು ಹೆಜ್ಜೆಗೆ ಎರಡು ಸಲ ಗೋಡೆ ಹಿಡಿದ. ಸ್ಕ್ಯಾನ್ ಮಾಡಿದರೆ ಪಿನ್ನೊಂದು ನರ ಹಾಯುವ ಜಾಗದಲ್ಲೇ ಕೂತಿತ್ತು. ಮೊದಲ ತಿಂಗಳಲ್ಲೇ ಹೇಳಿದ್ದರೆ ತೆಗೆದುಬಿಡಬಹುದಿತ್ತು. ಈಗ ತೆಗೆದರೂ ಆ ನರ ಸುಮ್ಮನಾಗುವುದಿಲ್ಲ. ಅವನು ಇನ್ನು ಬೀರು ಹೊರುವುದಿಲ್ಲ.

"ಯಾಕೋ ಸುಳ್ಳು ಹೇಳಿದೆ?" ಎಂದು ರೇಗಿದೆ.

"ಊರೆಲ್ಲ ನಿನ್ನ ಕೈಗುಣ ಹೊಗಳ್ತಾರೆ. ನಾನೇ ಹೆಸರು ಕೆಡಿಸ್ಲಾ?" ಅಂದ. "ನಾನೊಬ್ನೇ ಅಲ್ಲ ಅಣ್ಣ. ವಾರ್ಡಲ್ಲಿ ಜೊತೆಗಿದ್ದವ್ರೆಲ್ಲ ಆಮೇಲೂ ಮಾತಾಡ್ಕೊಂಡಿದ್ವಿ. ಕೊಯ್ದ ಡಾಕ್ಟ್ರೇ ಖುದ್ದಾಗಿ ಫೋನ್ ಮಾಡಿ ವಿಚಾರಿಸ್ಕೋತಾರೆ, ನೋವಿದೆ ಅಂತ ಹೇಗೆ ಹೇಳೋದು ಅಂತ."

ಇನ್ನೂ ಎಷ್ಟು ಮನೆಗಳಲ್ಲಿ ಎಷ್ಟು ಜನ ಹೀಗೆ ಗೋಡೆ ಹಿಡಿದು ನಡೆಯುತ್ತಿದ್ದಾರೋ ನನಗೆ ಗೊತ್ತಿಲ್ಲ. ಅವನ ನೋವಿನ ಲೆಕ್ಕದ ಹಾಳೆ ತೆಗೆದು ಪೆನ್ನು ಹಿಡಿದೆ.

"ಈಗಲಾದ್ರೂ ನಿಜ ಹೇಳು ಮರಿ. ಎಷ್ಟು?"

ಅವನು ನನ್ನ ಮುಖ ನೋಡಿದ. ನಾನು ಅಳುತ್ತಿದ್ದೆನೆಂದು ಕಾಣುತ್ತದೆ. ಹಲ್ಲು ಕಚ್ಚಿ ನಕ್ಕ.

"ಸೊನ್ನೆ ಅಣ್ಣ," ಅಂದ.