ಮೂರು ಕುಳಿಯ ಒಲೆ

ತೊಂಬತ್ತಾರನೇ ಇಸವಿಯಲ್ಲಿ ಕುಪ್ಪಗಡ್ಡೆಯಲ್ಲಿ ನಮಗೆ ಸರ್ಕಾರಿ ಮನೆ ಮಂಜೂರಾಯಿತು. ಅದರ ಜೊತೆ ಹೊಸ ನಿಯಮವೂ ಬಂತು. ಅಡುಗೆಮನೆಗೆ ಕಿಟಕಿ ಇರಬೇಕು. ಕಡಿಮೆ ಸೌದೆಯಲ್ಲಿ ಉರಿಯುವ ಒಲೆ ಕಟ್ಟಿ, ಹೊಗೆಯನ್ನು ಕೊಳವೆಯಿಂದ ಮಾಡಿನ ಮೇಲಕ್ಕೆ ಬಿಡಬೇಕು. ಇಲ್ಲದಿದ್ದರೆ ಮನೆ ಪೂರ್ತಿಯಾಯಿತೆಂದು ಓವರ್‌ಸಿಯರ್ ಬರೆದುಕೊಡುವಂತಿರಲಿಲ್ಲ.

“ನಮ್ಮ ಒಲೆ ಹೆಂಗಿರ್ಬೇಕು ಅಂತ ಸೊರಬದ ಆಫೀಸ್ನಾಗೆ ಕೂತೋರು ಹೇಳ್ತಾರಾ?” ಎಂದು ಅಪ್ಪ ಕುರಿ ಬಿಡುವಾಗಲೆಲ್ಲ ಗೊಣಗುತ್ತಿದ್ದ.

ನನಗೆ ಒಳಗೊಳಗೇ ಸಂತೋಷ. ಹೊಗೆಗೆ ಅವ್ವನ ಕಣ್ಣು ಕೆಟ್ಟು, ಒಲೆ ಮುಂದೆ ಕೂರಲು ಬೇರೆ ಯಾರೂ ಇಲ್ಲದೆ, ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದೆ. ಈಗೀಗ ಬೆಳಗ್ಗೆ ಎದ್ದರೆ ನನ್ನ ಕಣ್ಣೂ ಅಂಟಿಕೊಂಡಿರುತ್ತಿತ್ತು.

ಮೇಸ್ತ್ರಿ ಹನುಮಂತಪ್ಪ ಒಲೆ ಕಟ್ಟಿ ಮುಗಿಸಿದ. ಸೌದೆ ಇಡಲು ಒಂದೇ ಬಾಯಿ, ಪಾತ್ರೆಗೆ ಸಾಲಾಗಿ ಮೂರು ಕುಳಿ, ಕೊನೆಗೆ ಕೊಳವೆ.

ಮನೆ ಒಕ್ಕಲಿಗೆ ಓವರ್‌ಸಿಯರ್ ರೇಣುಕಾಪ್ರಸಾದರೂ ಬಂದರು. ಪೂಜೆಯಾದ ಹೊಸ ಒಲೆಯ ಮೇಲೆ ಮೊದಲು ಹಾಲು ಉಕ್ಕಬೇಕು, ಅದಕ್ಕೆ ಮುಂಚೆ ಬೇರೇನನ್ನೂ ಇಡಬಾರದು; ಇದು ನಮ್ಮ ಪದ್ಧತಿ. ಅವ್ವ ಕೈಯಿಂದ ತಡವಿ ಮೊದಲ ಕುಳಿಯ ಮೇಲೆ ಹಾಲಿನ ಪಾತ್ರೆ ಇಟ್ಟಳು. ಅಪ್ಪನ ಅಕ್ಕ ಬಸಕ್ಕತ್ತೆ ಬೆಂಕಿ ಹೊತ್ತಿಸಿದಳು.

ಒಂದು ಗಳಿಗೆಯಲ್ಲೇ ಮನೆ ತುಂಬ ಹೊಗೆ. ಎಲ್ಲರೂ ಕೆಮ್ಮುತ್ತ ಅಂಗಳಕ್ಕೆ ಓಡಿದರು.

“ಏನೋ ಧರ್ಮಪ್ಪ, ಊಟಕ್ಕೆ ಕರ್ದು ಸೊಳ್ಳೆ ಓಡಿಸ್ದಂಗೆ ಓಡಿಸ್ತೀಯಲ್ಲೋ!” ಎಂದು ಯಾರೋ ಅಂದರು. ಎಲ್ಲ ನಕ್ಕರು.

ಅಪ್ಪನ ಮುಖ ಕೆಂಪಾಯಿತು. ಅಂಗಳದ ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡ. “ಒಡೆದು ಹಾಕ್ತೀನಿ ಇದನ್ನ. ನಮ್ಮ ಮೂರು ಕಲ್ಲಿನ ಒಲೆನೇ ಸಾಕು.”

“ತಡೀರಿ ಧರ್ಮಪ್ನೋರೇ, ಒಡೆದ್ರೆ ನಾನು ಬರ್ದುಕೊಡಕ್ಕಾಗಲ್ಲ ಕಣ್ರೀ.”

“ಬರ್ಕೊಡಬ್ಯಾಡ್ರಿ!”

ಅಷ್ಟು ಜನರ ಮುಂದೆ ನಾನು ಎಂದೂ ಬಾಯಿ ಬಿಟ್ಟವಳಲ್ಲ. ಸೆರಗಿನಲ್ಲಿ ಕಣ್ಣೊರೆಸುತ್ತ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಿವಿಯ ಹತ್ತಿರ ಹೋದೆ.

“ಅತ್ತೆ, ಎರಡು ಕುಳಿ ಖಾಲಿ ಅದಾವೆ. ಹೊಗೆ ಅಲ್ಲೇ ಬರ್ತೈತೆ. ಪೂಜೆಗೆ ಮುಂಚೆ ಮೇಸ್ತ್ರಿ ಉರಿ ಹಾಕಿ ನೋಡ್ದಾಗ ಮೂರಕ್ಕೂ ಪಾತ್ರೆ ಇಟ್ಟಿದ್ದ, ನಾನು ನೋಡೀನಿ.”

“ಹಾಲು ಉಕ್ಕೋ ಮುಂಚೆ ಬೇರೆ ಏನೂ ಇಡಂಗಿಲ್ಲ ಕಣೇ.”

“ಬೇರೆ ಏನೂ ಬ್ಯಾಡತ್ತೆ. ಮೂರಕ್ಕೂ ಹಾಲೇ ಇಡಾಣ.”

ಅತ್ತೆ ನನ್ನನ್ನೇ ನೋಡಿದಳು. ಬೈಗುಳ ಬರುತ್ತದೆಂದು ತಲೆ ತಗ್ಗಿಸಿದೆ.

“ಏ ಧರ್ಮ, ಹಾರೆ ಕೆಳಗಿಡು!” ಎಂದು ಅತ್ತೆ ಕೂಗಿದಳು. ಅವ್ವನ ಕಡೆ ತಿರುಗಿ, “ದ್ಯಾಮವ್ವ, ಇನ್ನೆರಡು ಪಾತ್ರೆ ತಾ. ನಮ್ಮ ಮಮತಾ ಹೇಳ್ತಾಳೆ, ಅವಳು ಹೇಳ್ದಂಗೆ ಮಾಡಾಣ.”

ಹಾಲನ್ನು ಮೂರು ಪಾತ್ರೆಗೆ ಹಂಚಿದೆವು. ಕುಳಿ ಮುಚ್ಚಿದ್ದೇ ತಡ, ಹೊಗೆ ಕೊಳವೆಯತ್ತ ತಿರುಗಿತು. ಮೊದಲ ಪಾತ್ರೆ ಉಕ್ಕಿತು. ಸ್ವಲ್ಪ ಹೊತ್ತಿಗೆ ಎರಡನೆಯದೂ ಉಕ್ಕಿತು. ಮೂರನೆಯದು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

“ಅದು ಉಕ್ಕಲ್ಲ ಬಸಕ್ನೋರೇ, ಅಲ್ಲಿ ಬಿಸಿ ಕಮ್ಮಿ,” ಎಂದರು ರೇಣುಕಾಪ್ರಸಾದರು.

“ಉಕ್ಕಿದ್ದು ದೇವರಿಗೆ. ಉಕ್ಕದೇ ಇದ್ದದ್ದು ನಿಮಗೆ, ಕುಡೀರಿ,” ಎಂದು ಅತ್ತೆ ಲೋಟ ತುಂಬಿ ಕೊಟ್ಟಳು. ಅವರು ನಗುತ್ತ ಕುಡಿದು, ಅಲ್ಲೇ ನಿಂತು ಕಾಗದಕ್ಕೆ ರುಜು ಹಾಕಿದರು. ಅಪ್ಪ ಹಾರೆಯನ್ನು ಹಿತ್ತಲಲ್ಲಿಟ್ಟು ಬಂದು, ಬೆಲ್ಲದ ಚೂರೊಂದನ್ನು ನನ್ನ ಕೈಗಿಟ್ಟ.

ಉಪಾಯ ತನ್ನದೇ ಎಂದು ಅತ್ತೆ ಹೇಳಿಕೊಂಡಿದ್ದರೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಅವಳು ನನ್ನ ಹೆಸರು ಹೇಳಿದಳು, ಅವಳು ಚೆನ್ನಾಗಿರಲಿ. ಆ ನಿಯಮ ಬರೆದವರು ಯಾರೋ, ಅವರ ಹೆಸರು ನನಗೆ ಗೊತ್ತಿಲ್ಲ, ಅವರೂ ಚೆನ್ನಾಗಿರಲಿ.

ಮರುದಿನ ಬೆಳಗ್ಗೆ ಅವ್ವ ಅಡುಗೆಮನೆಗೆ ಬಂದು ಹೊಗೆ ಹುಡುಕುತ್ತ ಸುತ್ತ ಮೂಗಾಡಿಸಿದಳು.

“ಯಾಕೆ, ಒಲೆ ಹಚ್ಚಿಲ್ಲೇನೇ ಇನ್ನೂ?”

“ಆಗ್ಲೇ ಅನ್ನ ಬೇಯ್ತಾ ಐತೆ ಕಣವ್ವ,” ಎಂದು ಅವಳ ಕೈ ಹಿಡಿದು ಒಲೆಯ ಬಾಯಿಯ ಬಿಸಿಗೆ ಒಡ್ಡಿದೆ. ಅವ್ವ ಅಲ್ಲೇ ಒಲೆ ಮುಂದೆ ಕೂತಳು.